ಕುತ್ತಿಗೆ ತಿರುಗಿಸದ ಐದು ವಾರ

ನಮ್ಮ ಅಕ್ಕನ ಬೆರಳಿನ ಸ್ಪರ್ಶ ಹೋಗಿದೆ ಎಂಬುದು ಮೊದಲು ಗೊತ್ತಾದದ್ದು ಪಕ್ಕದ ಓಣಿಯ ಒಂದು ಮಗ್ಗದಿಂದ.

ಅಕ್ಕನನ್ನು ಬನಹಟ್ಟಿಗೆ ಕೊಟ್ಟಿತ್ತು. ಮಾಮಾ, ಅಂದರೆ ಅಕ್ಕನ ಗಂಡ, ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅಕ್ಕನ ಕೆಲಸ ಕೆಚ್ಚುವುದು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳನ್ನು (ಅದಕ್ಕೇ ಹಾಸು ಅನ್ನುತ್ತಾರೆ) ನೇಯ್ದು ಮುಗಿಸಿದಾಗ ಕೊನೆಯ ಗೇಣುದ್ದವನ್ನು ಹಣಿಗೆಯಲ್ಲೇ ಬಿಟ್ಟಿರುತ್ತಾರೆ. ಹಣಿಗೆ ಅಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಬಾಚಣಿಗೆಯಂಥದ್ದು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಕೂಡಿಸಬೇಕು. ದಪ್ಪ ಗಂಟು ಹಾಕುವಂತಿಲ್ಲ, ಹಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ಬೆರಳಿಗೆ ಒಂದಿಷ್ಟು ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ಮಡಚಿ, ಮತ್ತೊಮ್ಮೆ ಹೊಸೆದು ಬಿಡಬೇಕು. ಇದೇ ಕೆಚ್ಚುವುದು. ಒಂದು ಹಾಸಿನಲ್ಲಿ ಸಾವಿರಗಟ್ಟಲೆ ಎಳೆ. ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ ಕುಳಿತರೆ ಅಕ್ಕ ಊಟಕ್ಕೆ ಮಾತ್ರ ಏಳುತ್ತಿದ್ದಳು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ಕುಳಿತಿದ್ದಾಳೆ. ಓಣಿಯಲ್ಲಿ ಯಾರ ಮನೆಯಲ್ಲಿ ಹಾಸು ಮುಗಿದರೂ ಅವಳಿಗೇ ಕರೆ ಬರುತ್ತಿತ್ತು.

ಅವತ್ತು ಪಕ್ಕದ ಓಣಿಯಲ್ಲಿ ಅಕ್ಕ ಕೆಚ್ಚಿ ಬಂದ ಮನೆಯ ಮುದುಕಿಯೇ ಅವಳ ಬಾಗಿಲಿಗೆ ಬಂದು ನಿಂತಳು. ಜಗಳಕ್ಕೆ ಬಂದಿರಲಿಲ್ಲ, ಹೆದರಿ ಬಂದಿದ್ದಳು.

"ಯವ್ವಾ, ನೀ ಕೆಚ್ಚಿದ್ದ ಎಳಿ ಬಿಚ್ಚಾಕತ್ತಾವು. ಒಂದಲ್ಲ ಎರಡಲ್ಲ, ಒಂದು ಕಡಿ ಪೂರಾ. ನಿನಗ ಆರಾಮ ಐತಿಲ್ಲ?"

"ನನಗೇನಾಗೈತಿ? ನಿನ್ನ ಮಗಾ ಜಗ್ಗಿರಬೇಕು," ಅಂದಳು ಅಕ್ಕ.

"ಅಂವ ಮುಟ್ಟೇ ಇಲ್ಲವಾ. ನಿನ್ನ ಆಣಿ."

ಅಕ್ಕ ಹೋಗಿ ಆ ಕಡೆಯ ಎಳೆಗಳನ್ನೆಲ್ಲ ಮತ್ತೆ ಕೆಚ್ಚಿ ಬಂದಳು. ಬಂದವಳೇ ಚಹಾಕ್ಕೆ ಇಟ್ಟಳು. ಅವತ್ತು ರವಿವಾರ, ನಾನು ಅಲ್ಲೇ ಇದ್ದೆ. ಚಹಾ ಇಳಿಸುವಾಗ ಅವಳ ಬಲಗೈ ಹೆಬ್ಬೆರಳು ಪಾತ್ರೆಗೆ ತಾಗಿಕೊಂಡೇ ಇತ್ತು. ಮಾಮಾ ಕೂಗಿದ: "ಏ, ಬೆರಳ ಸುಡಾಕತ್ತೈತಿ, ತಗೀ!" ಅಕ್ಕ ಬೆರಳು ತೆಗೆದು ನೋಡಿಕೊಂಡಳು. ಬೇರೆ ಯಾರದೋ ಬೆರಳು ನೋಡಿದ ಹಾಗೆ ನೋಡಿದಳು. ಆಮೇಲೆ ಒಪ್ಪಿಕೊಂಡಳು. ಹೆಗಲಿನಿಂದ ಕೆಳಗೆ ಕರೆಂಟು ಹೊಡೆದ ಹಾಗೆ ನೋವು ಹರಿಯುವುದು ಶುರುವಾಗಿ ಆರು ತಿಂಗಳಾಗಿತ್ತಂತೆ. ಹೆಬ್ಬೆರಳು ತೋರುಬೆರಳು ಎರಡೂ ಜೋಮು ಹಿಡಿದಿದ್ದವು. ಎಳೆ ಬೆರಳಿನಲ್ಲಿ ಇದೆಯೋ ಜಾರಿದೆಯೋ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೋಡಿ ಕೆಚ್ಚುತ್ತಿದ್ದಳು. ಕಣ್ಣಿನಿಂದ ಕೆಚ್ಚಲು ಆಗುವುದಿಲ್ಲ. ಅದು ಬೆರಳಿನ ಕೆಲಸ.

ಇಲ್ಲಿ ನನ್ನ ಸಂಗತಿ ಸ್ವಲ್ಪ ಹೇಳಬೇಕು. ನಮ್ಮ ಅವ್ವ ತೀರಿಕೊಂಡ ಮೇಲೆ ಅಕ್ಕ ನನ್ನನ್ನು ತನ್ನ ಗಂಡನ ಮನೆಗೆ ಕರೆತಂದಳು. ಅಲ್ಲೇ ಲಾಳಿ ಹಿಡಿಯುವುದನ್ನು ಕಲಿತೆ. ಸಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟಿದ್ದೆ. ಪ್ರಾಯಕ್ಕೆ ಬಂದ ಮೇಲೆ ಅಕ್ಕನೇ ಹಟ ಹಿಡಿದು ಪರೀಕ್ಷೆಗೆ ಕೂರಿಸಿದಳು. ಇಪ್ಪತ್ತೆಂಟನೆಯ ವಯಸ್ಸಿಗೆ, ಮೂರನೆಯ ಸಲಕ್ಕೆ, ಹತ್ತನೆಯ ತರಗತಿ ಪಾಸಾದೆ. ಜಮಖಂಡಿಯ ಒಂದು ಕಚೇರಿಯಲ್ಲಿ ಮೊದಲು ಜವಾನನಾಗಿ ಸೇರಿ ಆಮೇಲೆ ಗುಮಾಸ್ತನಾದೆ; ಅಲ್ಲೇ ಕೋಣೆ ಹಿಡಿದು ರಜೆಗೆ ಬನಹಟ್ಟಿಗೆ ಬರುತ್ತಿದ್ದೆ. ಇದನ್ನೂ ಕಚೇರಿಯಲ್ಲಿ ಕಲಿತ ಎರಡು ಬೆರಳಿನ ಟೈಪಿಂಗಿನಲ್ಲೇ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವನು ನಾನೊಬ್ಬನೇ. ಅದಕ್ಕೇ ಆಸ್ಪತ್ರೆಯ ಕೆಲಸ ನನ್ನ ಪಾಲಿಗೆ ಬಂತು.

ನೇರವಾಗಿ ಆಸ್ಪತ್ರೆಗೆ ಹೋದೆವು ಎಂದರೆ ಸುಳ್ಳಾಗುತ್ತದೆ. ಲೋಕಾಪುರದ ಹತ್ತಿರ ಕುತ್ತಿಗೆಗೆ ಎಣ್ಣೆ ತಿಕ್ಕುವವರಿದ್ದಾರೆಂದು ಯಾರೋ ಹೇಳಿದರು, ಅಲ್ಲಿಗೆ ಹೋದೆವು. ಬೀಳಗಿಯಿಂದ ಮಾಮಾನ ಅಕ್ಕ ಒಂದು ಬೇರು ಅರೆದು ಕಳಿಸಿದಳು, ಅದನ್ನೂ ಹಚ್ಚಿದೆವು. ಕೊನೆಗೆ ಜಮಖಂಡಿಯ ಡಾಕ್ಟರರು ಬೆರಳಿಗೆ ಸೂಜಿ ಚುಚ್ಚಿ ನೋಡಿ, "ಇದು ಬೆರಳಿನ ರೋಗ ಅಲ್ರಿ, ಕುತ್ತಿಗಿಂದು. ತಡಾ ಮಾಡಬ್ಯಾಡ್ರಿ," ಎಂದು ಗಡಿಯಾಚೆ ಮಿರಜದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಮಿರಜದ ಡಾಕ್ಟರರಿಗೆ ಕನ್ನಡ ಬರುತ್ತಿತ್ತು, ಸ್ವಲ್ಪ ಮರಾಠಿಯ ರಾಗದಲ್ಲಿ. ಕುತ್ತಿಗೆಯ ಸ್ಕ್ಯಾನ್ ತೆಗೆಸಿ, ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕುತ್ತಿಗೆಯ ಎಲುಬುಗಳ ನಡುವೆ ಒಂದೊಂದು ಮೆತ್ತನೆಯ ದಿಂಡು ಇರುತ್ತದೆ. ಅದರಲ್ಲಿ ಒಂದು ಸವೆದು ಹೊರಗೆ ಉಬ್ಬಿ, ಕೈಗೆ ಹೋಗುವ ನರವನ್ನು ಒತ್ತುತ್ತಿದೆ. ಅದನ್ನು ತೆಗೆಯಬೇಕು. ತೆಗೆದ ಜಾಗದಲ್ಲಿ ಮಾಡಬಹುದಾದದ್ದು ಎರಡು. ಅದರ ಮೇಲಿನ ಮತ್ತು ಕೆಳಗಿನ ಎಲುಬುಗಳನ್ನು ಲೋಹದ ಪಟ್ಟಿ ಹಾಕಿ ಒಂದು ಮಾಡಿಬಿಡುವುದು ಒಂದು ದಾರಿ. ಅಲ್ಲಿ ಮುಂದೆ ಬಾಗುವಿಕೆ ಇರುವುದಿಲ್ಲ. ಇನ್ನೊಂದು, ಲೋಹ ಮತ್ತು ಪ್ಲಾಸ್ಟಿಕ್ಕಿನ ಸಣ್ಣ ಡಿಸ್ಕ್ ಕೂರಿಸುವುದು. ಅದು ಕೀಲಿನ ಹಾಗೆ ಆಡುತ್ತದೆ.

"ಬಗ್ಗದ ಕುತ್ತಿಗಿ ತಗೊಂಡು ನಾ ಏನ ಮಾಡಲ್ರಿ?" ಅಂದಳು ಅಕ್ಕ. "ನನಗ ಬಗ್ಗೂದು ಹಾಕ್ರಿ. ಬೆರಳಿನ ಜೋಮು ಹೋಕ್ಕೈತಿಲ್ರಿ?"

"ನೋವು ಹೋಗ್ತೈತಿ. ಬೆರಳಿನ ಮಾತು ಈಗ ಹೇಳಾಕ ಬರೂದಿಲ್ಲ ಅಕ್ಕಾರ. ನರಾ ಭಾಳ ದಿನಾ ಒತ್ತಿಸಿಕೊಂಡೈತಿ. ಬಂದರ ಸಾವಕಾಶ ಬರತೈತಿ."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಇಲ್ರಿ," ಅಂದರು ಡಾಕ್ಟರರು. ಹೀಗೆ ನೇರವಾಗಿ ಹೇಳುವ ಡಾಕ್ಟರರ ಮೇಲೆ ನನಗೆ ನಂಬಿಕೆ ಬಂತು. ಅಕ್ಕನಿಗೆ ಬೇರೆಯದೇ ಚಿಂತೆ ಇತ್ತು. ಗಂಟಲಿನ ಮುಂದಿನಿಂದ ಕೊಯ್ಯುತ್ತಾರೆಂದು ಕೇಳಿ ಕೈಯಿಂದ ಗಂಟಲು ಮುಚ್ಚಿಕೊಂಡಿದ್ದಳು.

"ಬ್ಯಾನಿ ಹಿಂದ ಐತಿ, ಇವರು ಮುಂದ ಕೊಯ್ತಾರಂತ. ತಮ್ಮಾ, ಇವರು ಖರೇನ ಡಾಕ್ಟರರು ಹೌದಿಲ್ಲೋ ಕೇಳು."

ಡಾಕ್ಟರರಿಗೂ ಕೇಳಿಸಿತು, ನಕ್ಕರು. ಮುಂದಿನಿಂದ ಹೋದರೆ ಬೆನ್ನುಹುರಿಯನ್ನು ಮುಟ್ಟದೆ ದಿಂಡಿನ ಹತ್ತಿರ ಹೋಗಬಹುದೆಂದು ಬಿಡಿಸಿ ಹೇಳಿದರು.

ಅಕ್ಕ ಕೇಳಿದಂತೆ ಆಡುವ ಡಿಸ್ಕನ್ನೇ ಹಾಕಿದರು, ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ನಾನು ಹೋದಾಗ ಅಕ್ಕ ದಿಂಬಿಗೆ ಒರಗಿ ಕುಳಿತಿದ್ದಳು. ಗಂಟಲಿನ ಮಡಿಕೆಯಲ್ಲಿ ಒಂದು ಸಣ್ಣ ಪಟ್ಟಿ, ಅಷ್ಟೇ. ಹೆಗಲಿನ ನೋವು ಮಾಯವಾಗಿತ್ತು. ದನಿ ಮಾತ್ರ ಪಿಸುಗುಟ್ಟಿದ ಹಾಗೆ ಬರುತ್ತಿತ್ತು. ಕೆಲವು ದಿನ ಹೀಗೆಯೇ ಇರುತ್ತದೆ ಎಂದಿದ್ದರು. ಓಣಿಯ ಆ ತುದಿಗೆ ಕೇಳುವ ದನಿ ಅವಳದು. ಮಾಮಾ ಅವಳ ಬಾಯಿಯ ಹತ್ತಿರ ಕಿವಿ ಹಿಡಿದು ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಅಳ್ಯಾ, ಮದುವ್ಯಾಗಿ ಇಷ್ಟ ವರ್ಷಕ್ಕ ಇಕಿ ನನ್ನ ಜೋಡಿ ಸಣ್ಣ ದನಿಲೆ ಮಾತಾಡಾಕತ್ತಾಳ. ಇದನ್ನ ಹಿಂಗ ಇಡಾಕ ಬರತೈತೇನು ಕೇಳೋ," ಅಂದ. ಅಕ್ಕ ಕೈಯಿಂದ ಅವನ ಮುಖವನ್ನು ದೂಡಿದಳು. ಬಲಗೈಯಿಂದ ದೂಡಿದಳು. ಬೆರಳಿಗೆ ಅವನ ಗಡ್ಡ ಚುಚ್ಚಿತೇ ಎಂದು ನಾನು ಕೇಳಿದೆ. ಅಕ್ಕ ಇಲ್ಲ ಎಂದು ಕೈ ಆಡಿಸಿದಳು.

ಬಿಡುಗಡೆಯಾಗುವಾಗ ಒಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಕುಳಿತು, ತಿಳಿಯದ ಶಬ್ದಗಳನ್ನು ನರ್ಸಿಗೆ ಕೇಳಿ, ಹಿಂದಿನ ಬದಿಗೆ ಕನ್ನಡದಲ್ಲಿ ಬರೆದುಕೊಂಡೆ. ಕುತ್ತಿಗೆ ಅಲುಗದಂತೆ ಸುತ್ತುವ ಪಟ್ಟಾ ಗಾಡಿಯಲ್ಲಿ ಹೋಗುವಾಗ ಮಾತ್ರ. ದಿನಾಲು ನಡೆಯಬೇಕು. ಭಾರ ಎತ್ತಬಾರದು. ನಾಲ್ಕನೆಯ ದಿನದಿಂದ ಕುತ್ತಿಗೆಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಿರುಗಿಸಬೇಕು. ಇಷ್ಟು ಸ್ಪಷ್ಟವಾಗಿ ನನ್ನ ಕೈಯಿಂದಲೇ ಬರೆದಿದ್ದೆ.

ಬಾಡಿಗೆ ಗಾಡಿಯಲ್ಲಿ ಬಂದೆವು. ತೇರದಾಳ ದಾಟುವವರೆಗೂ ಮಾಮಾ ಡ್ರೈವರನಿಗೆ ಪ್ರತಿ ತಗ್ಗಿನಲ್ಲೂ "ಸಾವಕಾಶ, ಸಾವಕಾಶ" ಅನ್ನುತ್ತಿದ್ದ. ಮನೆ ಮುಟ್ಟಿದ ಮೇಲೆ ಅಕ್ಕ ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಪಟ್ಟಾ ಬಿಚ್ಚಲು ಹೋದೆ. ನನ್ನ ಕೈ ಹಿಡಿದಳು.

"ಮುಟ್ಟಬ್ಯಾಡ."

"ಗಾಡ್ಯಾಗ ಅಷ್ಟ ಹಾಕ್ಕೋಬೇಕು ಅಂದಾರಕ್ಕಾ. ಇದರಾಗ ಬರದೈತಿ ನೋಡು."

"ಕೆಚ್ಚಿದ ಮ್ಯಾಲ ಮಗ್ಗ ಅಲಗಾಡಸ್ತಾರೇನೋ? ಹಣಿಗಿ ದಾಟೂತನಕ ಉಸರ ಬಿಡಾಕೂ ನಾ ಬಿಡೂದಿಲ್ಲ ಜನಾನ. ಇದು ಎಲಬಿನಾಗ ಕೆಚ್ಚಿದ್ದು. ಸುಮ್ಮ ಕೂಡು."

ಅವಳು ಹೇಳಿದ್ದು ಮಗ್ಗದ ಮಟ್ಟಿಗೆ ನಿಜ. ಹೊಸದಾಗಿ ಕೆಚ್ಚಿದ ಎಳೆಗಳು ಹಣಿಗೆಯಿಂದ ಈಚೆ ಬರುವವರೆಗೆ ಯಾರಾದರೂ ಮಗ್ಗ ಮುಟ್ಟಿದರೆ ದಿನದ ದುಡಿಮೆ ಹೋಯಿತು. ಆ ಹೊತ್ತಿನಲ್ಲಿ ಅಕ್ಕ ಮನೆಯ ಯಜಮಾನನನ್ನೂ ಹೊರಗೆ ಕೂರಿಸುತ್ತಿದ್ದಳು. ಮಾಮಾ ತಕ್ಷಣ ಅವಳ ಪಕ್ಷ ಸೇರಿದ. "ಅಕಿ ಹೇಳೂದು ಖರೆ ಅಳ್ಯಾ. ಕೂಡಿಸಿದ್ದರ ಬಗ್ಗೆ ಅಕಿಗಿಂತ ಹೆಚ್ಚಿಗಿ ಯಾರಿಗಿ ಗೊತ್ತೈತಿ?"

ನಾಲ್ಕನೆಯ ದಿನ ಕಚೇರಿ ಮುಗಿಸಿ ಜಮಖಂಡಿಯಿಂದ ಬಸ್ಸು ಹಿಡಿದು ಬಂದು, ಹಾಳೆ ತೆಗೆದು ಮತ್ತೆ ಓದಿದೆ. ಎಡಕ್ಕೆ, ಬಲಕ್ಕೆ, ಕೆಳಕ್ಕೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಹತ್ತನೇತ್ತಾಕ ಮೂರು ಸಲ ಕುಂತಾಂವ ನೀ," ಅಂದಳು. "ಆ ಕಾಗದಾನೂ ಮೂರು ಸಲ ಓದು, ಆಮ್ಯಾಲ ಬಾ." ಮಾಮಾ ನಕ್ಕ, ನಾನೂ ನಕ್ಕೆ. ಹಾಳೆ ಮಡಚಿ ಕಿಸೆಯಲ್ಲಿಟ್ಟೆ. ನಗುವ ಮಾತಿಗೆ ನಕ್ಕೆನಾದರೂ ಒಳಗೆ ಅನುಮಾನ ಬಂದುಬಿಟ್ಟಿತ್ತು. ನಾನು ಸರಿಯಾಗಿ ಓದಿದ್ದೇನೆಯೇ? ತಡವಾಗಿ ಕಲಿತವನಿಗೆ ಇದೊಂದು ಕಾಟ. ಕಚೇರಿಯಲ್ಲಿ ಈಗಲೂ ಒಂದು ಪತ್ರವನ್ನು ನಾಲ್ಕು ಸಲ ಓದದೆ ಕಳಿಸುವುದಿಲ್ಲ. ಆಸ್ಪತ್ರೆಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಡಾಕ್ಟರರನ್ನು ಮತ್ತೆ ಮತ್ತೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆಂದು ಮಾಡಲಿಲ್ಲ. ಇದು ನನ್ನ ತಪ್ಪು, ಬರೆದಿಡುತ್ತೇನೆ.

ಹೀಗೆ ಐದು ವಾರ ನಡೆಯಿತು. ಹೇಳಿದರೆ ನಗು ಬರುತ್ತದೆ. ಅಕ್ಕನ ಜೊತೆ ಮಾತಾಡಬೇಕಾದವರು ಅವಳ ಎದುರಿಗೇ ಬಂದು ನಿಲ್ಲಬೇಕು. ಬದಿಯಿಂದ ಕರೆದರೆ ಉತ್ತರ ಇಲ್ಲ. ಹಿಂದೆ ಯಾರು ಬಂದರೆಂದು ಕಾಣಲಿ ಎಂದು ಮಾಮಾ ಹಳೆಯ ಮೋಟರ್‌ಸೈಕಲ್ಲಿನ ಕನ್ನಡಿ ತಂದು ಎದುರಿನ ಕಂಬಕ್ಕೆ ಕಟ್ಟಿದ. ನಿದ್ದೆಯಲ್ಲಿ ತಲೆ ಹೊರಳಬಾರದೆಂದು ನೂಲಿನ ಲಡಿಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕಿವಿಯ ಪಕ್ಕ ಇಡುತ್ತಿದ್ದ. ಅಡಿಗೆ ಅವನದೇ. ಮೊದಲ ದಿನಗಳಲ್ಲಿ ನುಂಗಲು ಆಗುತ್ತಿರಲಿಲ್ಲವೆಂದು ಗೋಧಿ ನುಚ್ಚಿನ ಸಜ್ಜಕ ಮಾಡಿ ತಾನೇ ಉಣಿಸಿದ. ಅವಳು ಆರಾಮಾಗಿ ನುಂಗಲು ಶುರು ಮಾಡಿದ ಮೇಲೂ ಉಣಿಸುತ್ತಿದ್ದ. ನೋಡಲು ಬಂದ ಹೆಣ್ಣುಮಕ್ಕಳು ಬಾಯಿ ಮುಚ್ಚಿ ನಗುತ್ತಿದ್ದರು. ಎಳೆ ಬಿಚ್ಚಿದವೆಂದು ಬಂದಿದ್ದ ಆ ಮುದುಕಿ ಅಕ್ಕನ ಎದುರು ಕುಳಿತು ಕೈ ಮುಗಿದಳು.

"ಏನ ಯವ್ವಾ, ದೇವರ ಕೂಂಡ್ರಿಸಿದಂಗ ಕೂಂಡ್ರಿಸ್ಯಾರಲ್ಲ ನಿನ್ನ! ಪೂಜಾರಿ ಭಾಳ ಛಲೋ ಸಿಕ್ಕಾನ."

"ಪೂಜಾರಿಗೆ ಉಪ್ಪ ಎಷ್ಟ ಹಾಕಬೇಕು ತಿಳಿಯೂದಿಲ್ಲ," ಅಂದಳು ಅಕ್ಕ. ದನಿ ಮರಳಿತ್ತು.

ದನಿ ಮರಳಿತು, ನೋವು ಹೋಯಿತು, ಬೆರಳು ಮಾತ್ರ ಹಾಗೆಯೇ ಇತ್ತು. ದಿನಕ್ಕೊಮ್ಮೆ ಅಕ್ಕ ಕಣ್ಣು ಮುಚ್ಚಿಕೊಂಡು ಕೈ ಚಾಚುತ್ತಿದ್ದಳು. ನಾನೋ ಮಾಮಾನೋ ಅವಳ ಹೆಬ್ಬೆರಳಿನ ಮೇಲೆ ಒಂದು ಎಳೆ ಇಡಬೇಕು. "ಇಟ್ಟಿ?" ಎಂದು ಕೇಳುತ್ತಿದ್ದಳು. ಇಟ್ಟು ಎಷ್ಟೋ ಹೊತ್ತಾಗಿರುತ್ತಿತ್ತು. ಮಾಮಾ, "ಇನ್ನೂ ಇಟ್ಟಿಲ್ಲ ತಡಿ," ಎಂದು ಸುಳ್ಳು ಹೇಳಿ ಎಳೆ ತೆಗೆದುಬಿಡುತ್ತಿದ್ದ.

ಐದು ವಾರಕ್ಕೆ ತೋರಿಸಲು ಮಿರಜಕ್ಕೆ ಹೋದೆವು. ಅಕ್ಕನನ್ನು ಗುಂಡನೆಯ ಸ್ಟೂಲಿನ ಮೇಲೆ ಕೂರಿಸಿದರು, ಗರಗರ ತಿರುಗುವಂಥದ್ದು. ಪಟ್ಟಾ ನೋಡಿಯೇ ಡಾಕ್ಟರರ ಹುಬ್ಬು ಮೇಲೆ ಹೋಯಿತು. ಬಿಚ್ಚಿಸಿದರು.

"ಎಡಕ ನೋಡ್ರಿ ಅಕ್ಕಾರ."

ಅಕ್ಕ ಕಾಲಿನಿಂದ ನೆಲ ಒತ್ತಿ ಸ್ಟೂಲಿನ ಸಮೇತ ಎಡಕ್ಕೆ ತಿರುಗಿದಳು.

"ಈಗ ಬಲಕ."

ಸ್ಟೂಲು ಬಲಕ್ಕೆ ಬಂತು. ಅಕ್ಕನ ಮುಖ ಗಂಭೀರವಾಗಿತ್ತು. ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿದ ಮುಖ.

"ಸ್ಟೂಲ ತಿರಗೂದು ನನಗ ಗೊತ್ತೈತ್ರಿ, ನಾನ ತಂದದ್ದು. ಕುತ್ತಿಗಿ ತಿರಗಸ್ರಿ."

"ಈಗಿಂದೀಗ ಹೆಂಗ್ರಿ?" ಅಂದಳು ಅಕ್ಕ. ಮಾಮಾ ಮುಂದೆ ಬಂದು ಹೆಮ್ಮೆಯಿಂದ ಹೇಳಿದ: "ಐದು ವಾರ ಒಂದು ಕೂದಲಷ್ಟೂ ಅಲಗಾಡಿಸಿಲ್ರಿ ಸಾಹೇಬ್ರ. ನಾ ಹಗಲೂ ರಾತ್ರಿ ಕಾದೇನ್ರಿ."

ಡಾಕ್ಟರರು ಮೊದಲು ನಗಲು ಹೋದರು, ಆಮೇಲೆ ನಗಲಿಲ್ಲ. "ಬಗ್ಗೂದಽ ಬೇಕು ಅಂತ ನೀವಽ ಕೇಳಿದ್ರಲ್ಲ? ಕೂಡಿಸಿ ಪಟ್ಟಿ ಹೊಡದಿದ್ರ ಹಿಂಗ ಕುಂತರೂ ನಡೀತಿತ್ತು. ಈ ಡಿಸ್ಕ್ ಆಡಬೇಕ್ರಿ. ಹಿಂಗ ಇಟ್ಟರ ಸುತ್ತಲೂ ಎಲಬು ಬೆಳಕೊಂಡು ಜಾಮ್ ಆಗೂ ಸಂಭವ ಐತಿ. ಆಗ ಹಾಕಿದ್ದೂ ಒಂದ, ಬಿಟ್ಟದ್ದೂ ಒಂದ."

ಹಾಳೆ ನನ್ನ ಕಿಸೆಯಲ್ಲೇ ಇತ್ತು, ಮಡಿಕೆ ಹರಿದಿತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬರುವವರೆಗಿನ ಹೊತ್ತು ನನಗೆ ಬಹಳ ಉದ್ದವಾಗಿತ್ತು. ಇವಳು ಇನ್ನು ತಲೆ ಬಗ್ಗಿಸದಂತಾದರೆ ಅದು ನಾನು ಜೋರು ಮಾಡದೆ ನಕ್ಕುಬಿಟ್ಟ ಆ ಸಂಜೆಯಿಂದ ಆದದ್ದು ಎಂದು ನನಗೆ ಗೊತ್ತಿತ್ತು.

ಎಕ್ಸ್‌ರೇ ನೋಡಿ, ಇನ್ನೂ ಏನೂ ಬೆಳೆದಿಲ್ಲ ಎಂದರು ಡಾಕ್ಟರರು. ಆಮೇಲೆ ಅಕ್ಕನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಅಕ್ಕ ಕೆಚ್ಚುವುದನ್ನೆಲ್ಲ ಹೇಳಿದಳು, ಬೂದಿಯಿಂದ ಹಿಡಿದು ಹಣಿಗೆಯವರೆಗೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಣಿಗಿ ದಾಟಾಕ ಎಷ್ಟು ಹೊತ್ತು ಬೇಕ್ರಿ?"

"ನಿಗಾ ಮಾಡಿ ಜಗ್ಗಿದ್ರ ಒಂದು ತಾಸು."

"ದಾಟಿದ ಮ್ಯಾಲ ಏನ ಮಾಡ್ತೀರಿ?"

"ಏನ ಮಾಡೂದ್ರಿ? ನೇಯೂದು."

"ನಿಮ್ಮದು ನಾನು ಹೊಲಿಗಿ ಹಾಕಿದ ದಿನಾನ ದಾಟಿ ಹೋಗೈತ್ರಿ ಅಕ್ಕಾರ. ಐದು ವಾರ ಆತು, ಮಗ್ಗ ಖಾಲಿ ನಿಂತೈತಿ."

ಅಕ್ಕ ಅವರನ್ನು ನೋಡಿದಳು. ಆಮೇಲೆ ಅವಳಿಗೆ ನನ್ನನ್ನು ನೋಡಬೇಕೆನ್ನಿಸಿತು. ಅಭ್ಯಾಸದಂತೆ ಸ್ಟೂಲು ತಿರುಗಿಸಲು ಕಾಲು ಊರಿದವಳು, ತಡೆದು, ಕಾಲು ಎತ್ತಿದಳು. ಕುತ್ತಿಗೆ ಒಂದಿಷ್ಟು ಹೊರಳಿತು, ಎರಡು ಬೆರಳಿನಷ್ಟು. ಅಷ್ಟಕ್ಕೇ ಹಣೆಯಲ್ಲಿ ಬೆವರು ಬಂತು. ಕಣ್ಣಿನ ತುದಿಯಿಂದ ನನ್ನನ್ನು ಹಿಡಿದಳು.

"ನಿನ್ನ ಕಾಗದದಾಗ ಇದಽ ಇತ್ತೇನು?"

"ಹೂಂ."

"ಮತ್ತ ಹೇಳಾಕೇನಾಗಿತ್ತು ಧಾಡಿ?"

"ಹೇಳಿದ್ನಲ್ಲಕ್ಕಾ."

"ಅದು ಹೇಳೂದೇನೋ? ಜೋರ ಮಾಡಿ, ಬೈದು ಹೇಳಬೇಕು. ಕಲತಾಂವ ನೀನು. ನಾ ಕಲತೇನೇನು?"

ಮಿರಜದಿಂದ ಬನಹಟ್ಟಿಯವರೆಗೆ ಈ ಮಾತನ್ನು ನಾನು ಮನಸ್ಸಿನಲ್ಲಿ ತಿರುವುತ್ತಲೇ ಬಂದೆ. ಬೈಗುಳವೇ. ಆದರೆ ಪಾಸಾದ ದಿನ ಪೇಢೆ ಹಂಚುವಾಗಲೂ ಅವಳು ನನ್ನನ್ನು ಕಲಿತವನು ಎಂದಿರಲಿಲ್ಲ.

ಮರುದಿನದಿಂದ ಸಂಜೆಯ ಬಸ್ಸಿಗೆ ತಪ್ಪದೆ ಬಂದೆ. ಮಾಮಾ ಕನ್ನಡಿ ಬಿಚ್ಚಿ ಎಸೆದ. ಈಗ ಎದುರು ಯಾರೂ ನಿಲ್ಲುವಂತಿರಲಿಲ್ಲ. ನಾನು ಬಲಗಡೆ ಕುಳಿತು ಪೇಪರು ಓದುತ್ತಿದ್ದೆ. ಅಕ್ಕ ನನ್ನ ಕಡೆ ಕುತ್ತಿಗೆ ಹೊರಳಿಸಿದರೆ ಮಾತ್ರ ಮುಂದೆ ಓದುವುದು. ಚಿಕ್ಕಪಡಸಲಗಿಯ ಬ್ಯಾರೇಜಿನಲ್ಲಿ ನೀರು ಎಷ್ಟಿದೆ ಎಂಬ ಸುದ್ದಿ ಓದಿ ಅರ್ಧಕ್ಕೆ ನಿಲ್ಲಿಸಿ, ಎದ್ದು ಎಡಗಡೆಗೆ ಹೋಗಿ ಉಳಿದದ್ದನ್ನು ಓದುತ್ತಿದ್ದೆ. "ಏನೋ ಇದು, ಕೋತಿ ಹಂಗ ಆ ಕಡೆ ಈ ಕಡೆ," ಎಂದು ಬೈಯುತ್ತಲೇ ಹೊರಳುತ್ತಿದ್ದಳು. ಜೋರು ಮಾಡುವುದನ್ನೂ ಕಲಿತೆ. ಒಂದು ದಿನ ನೋವೆಂದು ಅರ್ಧಕ್ಕೆ ನಿಲ್ಲಿಸಿದಾಗ, "ಇನ್ನೂ ಐದು ಸಲ ಅದಾವು, ಹೊರಳಸು ತಲಿ!" ಎಂದು ಗದರಿದೆ. ಮಾಮಾ ಅಡಿಗೆಮನೆಯಿಂದ ಇಣುಕಿ ನೋಡಿ ಒಳಗೆ ಸರಿದ. ಅಕ್ಕ ಐದು ಸಲ ಮಾಡಿದಳು.

ಕುತ್ತಿಗೆ ಹೊರಳಿಸಿದಾಗ ಮೊದಲು ಕಿಟಕಿಯವರೆಗೆ ಕಂಡಿತು. ಹದಿನೈದು ದಿನಕ್ಕೆ ಬಾಗಿಲು ಕಂಡಿತು. ಬೆರಳಿಗೆ ಮಾತ್ರ ತಿಂಗಳುಗಟ್ಟಲೆ ಹಿಡಿಯಿತು. ಒಂದು ಸಂಜೆ ಕಣ್ಣು ಮುಚ್ಚಿ ಕೈ ಚಾಚಿದವಳು, ಮಾಮಾ ಎಂದಿನಂತೆ "ಇನ್ನೂ ಇಟ್ಟಿಲ್ಲ" ಅನ್ನುವಷ್ಟರಲ್ಲಿ, "ಸುಳ್ಳ ಹೇಳಬ್ಯಾಡ್ರಿ, ಇಟ್ಟೀರಿ," ಅಂದಳು. ಮಾಮಾ ಎಳೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಹೆಬ್ಬೆರಳು ಬಂತು. ತೋರುಬೆರಳು ಪೂರ್ತಿ ಬರಲೇ ಇಲ್ಲ, ಇವತ್ತಿಗೂ ಅರ್ಧ ಜೋಮು. ಅಕ್ಕ ಅದನ್ನು ಬಿಟ್ಟು ಹೆಬ್ಬೆರಳು ನಡುಬೆರಳಿನಲ್ಲಿ ಕೆಚ್ಚುವುದನ್ನು ಕಲಿತಳು. ಆ ವಯಸ್ಸಿಗೆ ಅವಳೂ ಮೊದಲಿನಿಂದ ಕಲಿಯಬೇಕಾಯಿತು. ನಮ್ಮ ಮನೆಯ ಮಗ್ಗದಲ್ಲೇ ಎಷ್ಟೋ ಎಳೆ ಹಾಳು ಮಾಡಿದಳು. ಡಾಕ್ಟರರ ಮಾತಿನಂತೆ ಅರ್ಧ ತಾಸಿಗೊಮ್ಮೆ ಎದ್ದು ಅಡ್ಡಾಡುತ್ತಿದ್ದಳು. ಮೊದಲು ಒಂದು ದಿನದಲ್ಲಿ ಮುಗಿಯುತ್ತಿದ್ದ ಹಾಸು ಈಗ ಎರಡು ದಿನ ಹಿಡಿಯುತ್ತಿತ್ತು. ಕೆಲವರು ಕಾಯದೆ ಬೇರೆಯವರನ್ನು ಕರೆದರು. ಕೆಲವರು ಕಾದರು.

ಒಂದು ಶನಿವಾರ ಮಧ್ಯಾಹ್ನ ಬಸ್ಸಿಳಿದು ಬಂದಾಗ ಮನೆಗೆ ಬೀಗ ಹಾಕಿತ್ತು. ರಬಕವಿಯ ಕಡೆ ಹೋಗುವ ರಸ್ತೆಯ ಒಂದು ಮನೆಯಲ್ಲಿ ಕೆಚ್ಚಲು ಹೋಗಿದ್ದಾಳೆಂದು ಪಕ್ಕದವರು ಹೇಳಿದರು. ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೆನ್ನು ಮಾಡಿ ಮಗ್ಗದ ಹಿಂದೆ ಕುಳಿತಿದ್ದಳು. ತಲೆ ಬಾಗಿತ್ತು, ಮೊದಲಿನಷ್ಟಲ್ಲ. ಬೆರಳುಗಳು ಆಡುತ್ತಿದ್ದವು. ನಾನು ಹೊಸ್ತಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದೆ.

ಅಕ್ಕ ಕೈ ಬಿಡಲಿಲ್ಲ. ಮೈ ಮಗ್ಗದ ಕಡೆಗೇ ಇತ್ತು. ಕುತ್ತಿಗೆ ಮಾತ್ರ ಹೊರಳಿತು, ಗದ್ದ ಹೆಗಲಿಗೆ ಬರುವವರೆಗೆ. ಅಲ್ಲಿಂದ ನನ್ನನ್ನು ನೋಡಿದಳು.

"ಬೆಳಕಿಗಿ ಅಡ್ಡ ನಿಂತೀದಿ. ಸರಿ ಆ ಕಡೆ."

ನನಗೆ ಕೇಳಿಸಿತು. ಆದರೂ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

"ಏ, ನಿನಗಽ ಹೇಳಾಕತ್ತೇನಿ!"

ಸರಿದೆ.